ಇಬ್ಬರು ನಿಂತ ಗೋಡೆ

ಹೊಸಕೋಟೆಯ ಹಳೇ ಪೇಟೆ ಬೀದಿಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯಿದೆ. ಶಾಲೆಯ ಮೈದಾನಕ್ಕೆ ಗೆರೆ ಎಳೆಯಲು ಸುಣ್ಣದ ಪುಡಿ ಬೇಕಾಗಿತ್ತು, ಹೋಗಿದ್ದೆ. ಅಂಗಡಿಯವನು ಒಳಗೆ ಚೀಲ ಹುಡುಕುತ್ತಿದ್ದ. ನನ್ನ ತಲೆಯ ಮೇಲೆ, ನೈಲಾನ್ ಹಗ್ಗದ ಸುರುಳಿಗಳ ಪಕ್ಕದಲ್ಲಿ, ಕಾರ್ಖಾನೆ ಕೆಲಸದವರು ಹಾಕಿಕೊಳ್ಳುವ ಗ್ಲೌಸುಗಳ ಒಂದು ಕಟ್ಟು ತೂಗುತ್ತಿತ್ತು. ಹಿಂಬದಿಗೆ ಬಿಳಿ ಹತ್ತಿಯ ಹೆಣಿಗೆ, ಅಂಗೈಗೆ ಕೆಂಪು ರಬ್ಬರು. ಫ್ಯಾನಿನ ಗಾಳಿಗೆ ಅದು ತಿರುಗಿ ಮುಖಕ್ಕೆ ತಾಗಿತು. ಹೊಸ ರಬ್ಬರಿನ ಘಾಟು, ಅದರಡಿಯಲ್ಲಿ ಹತ್ತಿಯ ವಾಸನೆ, ಅದಕ್ಕೂ ಅಡಿಯಲ್ಲಿ ಎಲ್ಲೋ ಒಂಚೂರು ಮೆಷಿನ್ ಎಣ್ಣೆ. ನಾನು ನಲವತ್ತರ ಹತ್ತಿರದ ಹೆಂಗಸು, ಹೈಸ್ಕೂಲಿನ ಪಿ.ಟಿ. ಟೀಚರು, ಸುತ್ತ ಗಿರಾಕಿಗಳಿದ್ದರು. ಆದರೂ ಆ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡು ನಿಂತುಬಿಟ್ಟೆ. "ಎಷ್ಟು ಜೊತೆ ಕೊಡ್ಲಿ ಮೇಡಂ?" ಎಂದು ಅಂಗಡಿಯವನು ಕೇಳಿದ. ನಾನು ಅಂಗಡಿಯಲ್ಲಿರಲಿಲ್ಲ. ನಮ್ಮ ಮನೆಯ ಕಣದಲ್ಲಿ, ಎರಡು ನೀಲಗಿರಿ ಗಳಗಳ ನಡುವೆ ನಿಂತಿದ್ದೆ. ಎದುರಿಗೆ ಚಿಕ್ಕಪ್ಪ ಬಗ್ಗಿ ಚೆಂಡು ಇಡುತ್ತಿದ್ದ.

ನಮ್ಮದು ಅನುಗೊಂಡನಹಳ್ಳಿಯಿಂದ ಒಳಗೆ, ಬಸ್ಸು ಇಳಿದು ಅರ್ಧ ಗಂಟೆ ನಡೆಯಬೇಕಾದ ಒಂದು ಊರು. ಮನೆಯಲ್ಲಿ ಹದಿನೇಳು ಜನ, ಒಂದೇ ಒಲೆ. ಅಜ್ಜಿ, ಅವಳ ಮೂವರು ಗಂಡುಮಕ್ಕಳು, ಸೊಸೆಯರು, ನಾವು ಮಕ್ಕಳು. ಮುಂದೆ ಉದ್ದನೆಯ ಜಗುಲಿ, ಹಿಂದೆ ರೇಷ್ಮೆಹುಳುವಿನ ಕೋಣೆ, ಅದರಾಚೆ ರಾಗಿ ಬಡಿಯುವ ಕಣ. ಸುಗ್ಗಿಯಲ್ಲಿ ಹೆಂಗಸರು ಕಣಕ್ಕೆ ಸಗಣಿ ಸಾರಿಸಿದರೆ ಅದು ಒಣಗಿ ಹಲಗೆಯ ಹಾಗೆ ಆಗುತ್ತಿತ್ತು, ಬರಿಗಾಲಿಗೆ ತಣ್ಣಗೆ. ಸಂಜೆ ಹೊತ್ತಿಗೆ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆಯೂ ರಾಗಿ ಹೊಟ್ಟಿನ ದೂಳೂ ಬೆರೆತು ಮನೆ ತುಂಬಾ ಕೂತಿರುತ್ತಿತ್ತು. ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಯಾರೂ ಹೇಳಿಕೊಟ್ಟದ್ದಲ್ಲ, ಎಲ್ಲರಿಗೂ ಗೊತ್ತಿದ್ದದ್ದು. ದೊಡ್ಡವರ ಮುಂದೆ ಯಾರೂ "ನನ್ನ ಮಗ", "ನನ್ನ ಮಗಳು" ಅನ್ನುವ ಹಾಗಿರಲಿಲ್ಲ. "ನಮ್ಮ ಹುಡುಗ", "ನಮ್ಮ ಕೂಸು" ಅನ್ನಬೇಕು. ಜ್ವರ ಬಂದರೆ ಯಾವ ತಾಯಿ ಹತ್ತಿರವಿದ್ದಳೋ ಅವಳೇ ಹಣೆಗೆ ಬಟ್ಟೆ ಹಾಕುತ್ತಿದ್ದಳು. ಏಟು ಕೊಡಲೂ ಎಲ್ಲರಿಗೂ ಹಕ್ಕಿತ್ತು. ಎಷ್ಟೋ ದಿನ ನಾನು ದೊಡ್ಡಮ್ಮನ ಮಗ್ಗುಲಲ್ಲೇ ಮಲಗಿ, ಅವರ ಮಗಳು ರತ್ನಕ್ಕ ನಮ್ಮಮ್ಮನ ಮಗ್ಗುಲಲ್ಲಿ ಮಲಗಿದರೂ ಬೆಳಿಗ್ಗೆ ಯಾರೂ ಅದನ್ನು ಗಮನಿಸುತ್ತಿರಲಿಲ್ಲ.

ಮನೆಯ ಯಜಮಾನರು ದೊಡ್ಡಪ್ಪ. ಅವರ ಬೆನ್ನಿಗೆ ಹುಟ್ಟಿದವನು ನಮ್ಮಪ್ಪ. ಇವರಿಬ್ಬರೂ ಹರೆಯದಲ್ಲಿ ಸುತ್ತಿನ ಊರುಗಳಲ್ಲೆಲ್ಲ ಕಬಡ್ಡಿಗೆ ಹೆಸರಾಗಿದ್ದರು. ಎದುರಿನ ಆಟಗಾರ ಒಳಗೆ ಬಂದಾಗ ಕೈ ಕೈ ಹಿಡಿದು ಅಡ್ಡ ಹಾಕುತ್ತಾರಲ್ಲ, ಅದಕ್ಕೆ ಚೈನು ಅನ್ನುತ್ತಿದ್ದರು. ದೊಡ್ಡಪ್ಪನ ಬಲಗೈ, ಅಪ್ಪನ ಎಡಗೈ. ಆ ಚೈನು ಬಿಡಿಸಿಕೊಂಡು ಹೋದವನು ಇಲ್ಲ ಎಂದು ಊರಿನ ಮುದುಕರು ಈಗಲೂ ಹೇಳುತ್ತಾರೆ. ಒಮ್ಮೆ ಹಿಡಿದ ರಭಸಕ್ಕೆ ಅಪ್ಪನ ಕಿರುಬೆರಳು ಸೊಟ್ಟಗಾಗಿ ಹಾಗೇ ಉಳಿಯಿತು. ಜಗುಲಿಯ ಮೇಲೆ ಕೂತಾಗ ದೊಡ್ಡಪ್ಪ ಆ ಬೆರಳನ್ನು ಹಿಡಿದು ನಮಗೆ ತೋರಿಸುವರು. "ಇದು ನಂದು ಕಣ್ರೋ, ಇವನ ಕೈಲಿದೆ ಅಷ್ಟೆ."

ನಮ್ಮ ಊರಿಗೆ ಫುಟ್‌ಬಾಲ್ ತಂದವನು ಚಿಕ್ಕಪ್ಪ. ಅವನು ಪಿಲ್ಲಗುಂಪೆಯ ಒಂದು ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದ. ಅಲ್ಲಿ ಕೇರಳದ ಕಡೆಯ ಒಬ್ಬ ಫಿಟ್ಟರು ಊಟದ ಹೊತ್ತಿನಲ್ಲಿ ಎಲ್ಲರನ್ನೂ ಸೇರಿಸಿ ಆಡಿಸುತ್ತಿದ್ದನಂತೆ. ಚಿಕ್ಕಪ್ಪನನ್ನು ಗೋಲಿಗೆ ನಿಲ್ಲಿಸಿದ. ಅಲ್ಲಿಂದ ಚಿಕ್ಕಪ್ಪ ಬೇರೆ ಮನುಷ್ಯನೇ ಆದ. ಕಣದ ಎರಡು ತುದಿಗೆ ನೀಲಗಿರಿ ಗಳ ನೆಟ್ಟ. ದ್ರಾಕ್ಷಿ ತೋಟಕ್ಕೆ ಹಕ್ಕಿ ಬೀಳದ ಹಾಗೆ ಹಾಕುವ ಬಲೆಯ ಹರಿದ ತುಂಡು ತಂದು ಹಿಂದೆ ಕಟ್ಟಿದ. ಕಾರ್ಖಾನೆಯಲ್ಲಿ ಸವೆದ ಗ್ಲೌಸುಗಳನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದ. ರಾಗಿ ಎತ್ತಿದ ಮೇಲೆ ಖಾಲಿ ಬಿದ್ದ ಹೊಲಗಳಲ್ಲಿ ಊರೂರಿಗೆ ಏಳು ಏಳು ಜನರ ತಂಡಗಳು ಹುಟ್ಟಿಕೊಂಡವು. ನಮ್ಮ ಮನೆಯದೇ ಒಂದು ತಂಡ. ಅಪ್ಪ, ದೊಡ್ಡಪ್ಪ ಇಬ್ಬರೂ ನಲವತ್ತು ದಾಟಿದವರು, ಪಂಚೆ ಬಿಚ್ಚಿ ಚಡ್ಡಿಯಲ್ಲಿ ನಿಂತರೆ ಕಬಡ್ಡಿಯ ತೊಡೆಗಳು ಹಾಗೇ ಇದ್ದವು. ಚಿಕ್ಕಪ್ಪ ಕಾರ್ಖಾನೆಯಿಂದ ಬರುವುದು ತಡವಾದಾಗ ಗೋಲಿಗೆ ಯಾರು ಎಂಬ ಪ್ರಶ್ನೆ ಬಂತು. ನಾನು ಏಳನೇ ಕ್ಲಾಸಿನಲ್ಲಿದ್ದೆ, ವಯಸ್ಸಿಗೆ ಮೀರಿ ಉದ್ದ ಬೆಳೆದಿದ್ದೆ, ಚೆಂಡಿಗೆ ಮುಖ ತಿರುಗಿಸುತ್ತಿರಲಿಲ್ಲ. ಆಗಿನ್ನೂ ದೊಡ್ಡವಳಾಗಿರಲಿಲ್ಲ, ಆದ್ದರಿಂದ ಅಡ್ಡಿ ಹೇಳಿದವರೂ ಇಲ್ಲ. "ನಿಲ್ಲಲಿ ಬಿಡ್ರಿ ನಮ್ಮ ಕೂಸು" ಎಂದವರು ದೊಡ್ಡಪ್ಪನೇ.

ಚಿಕ್ಕಪ್ಪ ನನಗೆ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದು ಕಲಿಸಿದ್ದು ಫ್ರೀ ಕಿಕ್ ತಡೆಯುವುದನ್ನು, ನಮ್ಮವರ ತಪ್ಪಿಗೆ ಎದುರಿನವರು ಚೆಂಡು ನಿಲ್ಲಿಸಿ ಒದೆಯುತ್ತಾರಲ್ಲ, ಅದನ್ನು. ಓಡಾಟದಲ್ಲಿ ಬರುವ ಗೋಲಿಗೆ ಹತ್ತು ಜನ ಕಾರಣವಿರುತ್ತಾರೆ, ಫ್ರೀ ಕಿಕ್ಕಿನ ಗೋಲು ಮಾತ್ರ ನೇರ ಗೋಲ್‌ಕೀಪರಿನ ತಲೆಗೆ ಬರುತ್ತದೆ ಅನ್ನುತ್ತಿದ್ದ. ಮೊದಲು ನನ್ನನ್ನು ಚೆಂಡಿಗೆ ಹತ್ತಿರದ ಗಳದ ಪಕ್ಕ ನಿಲ್ಲಿಸುವನು. ಅಲ್ಲಿಂದ ಚೆಂಡಿಗೆ ಒಂದು ದಾರ ಎಳೆದಿದೆ ಅಂದುಕೋ, ಗೋಡೆಯ, ಅಂದರೆ ಚೆಂಡಿಗೆ ಅಡ್ಡ ನಿಲ್ಲುವ ನಮ್ಮವರ ಸಾಲಿನ, ಹೊರಗಿನ ಆಳು ಆ ದಾರದ ಮೇಲೆ ನಿಲ್ಲಬೇಕು, ಇನ್ನೊಂದು ಹೆಜ್ಜೆ ಆಚೆಗೇ ನಿಂತರೂ ಸರಿ, ಒಳಗೆ ಬರಬಾರದು. ಆ ಆಳಿಗೆ ಅಂಟಿಕೊಂಡು ಉಳಿದವರು. ಅದಾದ ಮೇಲೆ ನಾನು ಬಂದು ಇನ್ನೊಂದು ಅರ್ಧದಲ್ಲಿ ನಿಲ್ಲಬೇಕು, ಚೆಂಡು ಕಣ್ಣಿಗೆ ಕಾಣುವ ಕಡೆ. "ಗೋಡೆ ಒಂದರ್ಧ ಕಾಯ್ತದೆ, ನೀನೊಂದರ್ಧ ಕಾಯ್ಬೇಕು. ಗೋಡೆ ಹಿಂದೆ ಬಚ್ಚಿಟ್ಕೊಂಡ್ರೆ ಚೆಂಡು ಮೂಗಿನ ಮುಂದೆ ಬಂದಾಗ್ಲೇ ಕಾಣೋದು." ಒದೆಯುವವನು ಓಡಿ ಬರುವಾಗ ಕುಣಿಯಬಾರದು, ಯಾವ ಕಡೆಗೂ ವಾಲಬಾರದು. ಹಿಮ್ಮಡಿ ನೆಲಕ್ಕೆ ತಾಗಿಯೂ ತಾಗದ ಹಾಗೆ, ಮಂಡಿ ಸಡಿಲ ಬಿಟ್ಟು, ಅವನು ಒದೆಯದೆ ನೆಲಕ್ಕೂರುವ ಕಾಲನ್ನು ನೋಡಬೇಕು. ಆ ಪಾದ ಯಾವ ಕಡೆಗೆ ಮುಖ ಮಾಡಿತೋ ಹೆಚ್ಚುಪಾಲು ಚೆಂಡೂ ಆ ಕಡೆಗೆ. ಹಿಡಿಯಲು ಆಗದ ಚೆಂಡನ್ನು ಎದುರಿಗೆ ಬಿಡದೆ ಪಕ್ಕಕ್ಕೆ, ಗಳದಾಚೆಗೆ ತಳ್ಳಬೇಕು. ಇಷ್ಟನ್ನೂ ಅವನು ಸಗಣಿ ಸಾರಿಸಿದ ನೆಲದ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದು ತೋರಿಸುತ್ತಿದ್ದ. ಬೆಳಿಗ್ಗೆ ಅಮ್ಮ ಆ ಗೆರೆಗಳ ಮೇಲೆ ರಾಗಿ ಹರವುತ್ತಿದ್ದಳು.

ಎಲ್ಲಕ್ಕಿಂತ ಮುಖ್ಯ ಗಂಟಲು ಎನ್ನುತ್ತಿದ್ದ. ಗೋಡೆಯಲ್ಲಿ ನಿಂತವರಿಗೆ ಹಿಂದೆ ಗೋಲು ಕಾಣುವುದಿಲ್ಲ, ಕಾಣುವವಳು ನಾನೊಬ್ಬಳೇ, ನಾನು ಕೂಗಿ ಹೇಳಿದರಷ್ಟೇ ಅವರು ಸರಿಯಾಗಿ ನಿಲ್ಲುತ್ತಾರೆ. ಆದರೆ ನಮ್ಮ ಮನೆಯಲ್ಲಿ ದೊಡ್ಡವರಿಗೆ ಕೈ ತೋರಿಸಿ ಮಾತಾಡುವುದಿರಲಿ, ಅವರಿಗಿಂತ ಎತ್ತರದ ಜಾಗದಲ್ಲಿ ಕೂರುವ ಹಾಗೂ ಇರಲಿಲ್ಲ. ಮೊದಲ ದಿನ ನಾನು ಪಿಸುಗುಟ್ಟಿದೆ. ಚಿಕ್ಕಪ್ಪ ನಕ್ಕ. "ಲೇ ಮಂಜಿ, ಗೋಲಲ್ಲಿ ನಿಂತ್ಮೇಲೆ ಅಪ್ಪ ಇಲ್ಲ ದೊಡ್ಡಪ್ಪ ಇಲ್ಲ. ಎಲ್ಲಾ ನಿನ್ನ ಆಳುಗಳು. ಕೂಗು." ದೊಡ್ಡಪ್ಪ ಸೊಂಟಕ್ಕೆ ಕೈಯಿಟ್ಟು ತಿರುಗಿ ನೋಡಿ, "ಕೂಗವ್ವ, ಹೆಂಡ್ತಿ ಕೈಲೇ ಕೂಗಿಸ್ಕೊಂಡಿದೀನಿ, ನಿಂದೇನು" ಎಂದರು. ನಾನು ಕಣ್ಣು ಮುಚ್ಚಿ "ದೊಡ್ಡಪ್ಪಾ, ಎಡಕ್ಕೆ" ಎಂದು ಕಿರುಚಿದೆ. ಅವರು ಎಡಕ್ಕೆ ಸರಿದರು. ಅಪ್ಪ ಹೇಳದೆಯೇ ಅವರಿಗೆ ಅಂಟಿಕೊಂಡು ಸರಿದ. ಇಬ್ಬರ ಭುಜದ ನಡುವೆ ಬೆಳಕು ತೂರುತ್ತಿರಲಿಲ್ಲ. ಅಜ್ಜಿ ಹಿತ್ತಿಲ ಬಾಗಿಲಿನಿಂದ "ಅದೇನೇ ದೊಡ್ಡೋರ ಮೇಲೆ ಹಂಗೆ ಕೂಗ್ತೀಯ, ನಾಲ್ಗೆ ಬಿದ್ದೋಗ" ಎಂದಳು. ನನ್ನ ಬಾಲ್ಯದಲ್ಲಿ ಯಾವುದಾದರೂ ಒಂದು ಗಳಿಗೆಯನ್ನು ಹಾಗೇ ಎತ್ತಿಟ್ಟುಕೊಳ್ಳಬಹುದು ಅಂದರೆ ಅದನ್ನೇ ಇಟ್ಟುಕೊಳ್ಳುತ್ತೇನೆ.

ನಮ್ಮೂರ ಶಾಲೆ ಏಳಕ್ಕೆ ಮುಗಿಯುತ್ತಿತ್ತು. ಎಂಟಕ್ಕೆ ಬಸ್ಸಿನಲ್ಲಿ ಹೊಸಕೋಟೆಗೆ ಹೋಗಬೇಕು. ಎರಡು ವರ್ಷದ ಹಿಂದೆ ರತ್ನಕ್ಕ ಏಳು ಮುಗಿಸಿದಾಗ ದೊಡ್ಡಪ್ಪ ಸಾಕು ಎಂದಿದ್ದರು, ಅವಳು ರೇಷ್ಮೆ ಕೋಣೆಯಲ್ಲಿ ಸೊಪ್ಪು ಹಾಕುತ್ತಾ ಉಳಿದಿದ್ದಳು. ನನ್ನ ಸರದಿ ಬಂದಾಗಲೂ ಅವರು ಅದನ್ನೇ ಹೇಳಿದರು. ಅವರು ಕೆಟ್ಟವರಾಗಿರಲಿಲ್ಲ, ಇದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ. ಅವರ ಮಾತಿನಲ್ಲಿ ಒಂದು ನ್ಯಾಯವಿತ್ತು. ಊಟ ಮಾಡುತ್ತಾ ಹೇಳಿದರು: "ಒಂದೇ ಮನೇಲಿ ಇಬ್ರು ಹೆಣ್ಮಕ್ಳಿಗೆ ಎರಡು ನ್ಯಾಯ ಮಾಡಿದ್ರೆ ನಾಳೆ ರತ್ನಂಗೆ ನಾನು ಮುಖ ಹೆಂಗೆ ತೋರಿಸ್ಲಿ?" ಅಪ್ಪ ತಲೆ ಎತ್ತಲಿಲ್ಲ. ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. ಆಮೇಲೆ, ಜೋರಾಗಿಯೂ ಅಲ್ಲ, ಎಲ್ಲರಿಗೂ ಕೇಳುವಷ್ಟು, ಹೇಳಿದ: "ನನ್ನ ಮಗಳ ವಿಚಾರ ನಾನು ನೋಡ್ಕೊಳ್ತೀನಿ ಬಿಡಣ್ಣ."

ಬಡಿಸುತ್ತಿದ್ದ ದೊಡ್ಡಮ್ಮನ ಸೌಟು ಗಾಳಿಯಲ್ಲೇ ನಿಂತಿತು. ನನ್ನ ಮಗಳು. ಆ ಮನೆಯ ಗೋಡೆಗಳು ಆ ಮಾತನ್ನು ಅದೇ ಮೊದಲ ಸಲ ಕೇಳಿದ್ದು. ದೊಡ್ಡಪ್ಪ ಊಟ ಮುಗಿಸಿ, ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಅವತ್ತಿನಿಂದ ಅವರಿಬ್ಬರ ಮಾತು ನಿಂತಿತು. ಜೂನಿನಲ್ಲಿ ನಾನು ಹೊಸಕೋಟೆಯ ಹೈಸ್ಕೂಲಿಗೆ ಸೇರಿದೆ. ಮೊದಲ ದಿನ ನನ್ನ ಡಬ್ಬಿ ಕಟ್ಟಿದವಳು ರತ್ನಕ್ಕ. "ಹೋಗು, ನಂದೂ ಸೇರ್ಸಿ ಓದ್ಕೊಂಡು ಬಾ" ಎಂದಳು, ಮುಖ ನೋಡಲಿಲ್ಲ.

ಮಾತು ನಿಂತಿತು ಅಂದರೆ ಕೆಲಸ ನಿಲ್ಲುವುದಿಲ್ಲವಲ್ಲ. ಹೊಲ ಒಂದೇ, ದನ ಒಂದೇ, ಬೋರ್‌ವೆಲ್ ಒಂದೇ. ನನ್ನ ಹೆಸರಿನಿಂದ ಮಾತು ನಿಂತದ್ದಕ್ಕೋ ಏನೋ, ಇಬ್ಬರೂ ನನ್ನನ್ನೇ ನಡುವೆ ಇಟ್ಟುಕೊಂಡರು. ಜಗುಲಿಯ ಈ ಕಂಬಕ್ಕೆ ಒರಗಿ ದೊಡ್ಡಪ್ಪ, ಆ ಕಂಬಕ್ಕೆ ಒರಗಿ ಅಪ್ಪ, ನಡುವೆ ಎರಡು ಮಾರು ಜಾಗ. ದೊಡ್ಡಪ್ಪ ನನಗೆ ಹೇಳುವರು: "ಅಮ್ಮಣ್ಣಿ, ನಿಮ್ಮಪ್ಪಂಗೆ ಹೇಳು, ನಾಳೆ ಬೆಳಿಗ್ಗೆ ಸೊಪ್ಪಿನ ತೋಟಕ್ಕೆ ನೀರು ಬಿಡ್ಲಿ ಅಂತ." ಅಪ್ಪನಿಗೆ ಅದು ಕೇಳಿಸಿರುತ್ತಿತ್ತು. ಆದರೂ ಕೇಳಿಸಿತು ಅನ್ನುತ್ತಿರಲಿಲ್ಲ. ನಾನು ಎದ್ದು ಆ ಕಂಬದವರೆಗೆ ನಡೆದುಹೋಗಿ, ಬಗ್ಗಿ, ಮಾತಿಗೆ ಮಾತು ಒಪ್ಪಿಸಿ ಮುಗಿಸುವವರೆಗೂ ಕಾಯುತ್ತಿದ್ದ. ಆಮೇಲೆ, "ನಿಮ್ಮ ದೊಡ್ಡಪ್ಪಂಗೆ ಹೇಳು, ನಾಳೆ ಕರೆಂಟು ಮಧ್ಯಾಹ್ನ ಬರೋದು ಅಂತ." ನಾನು ಈ ಕಂಬಕ್ಕೆ ಬರುತ್ತಿದ್ದೆ. ಚಿಕ್ಕಪ್ಪ ಒಮ್ಮೆ "ಟೆಲಿಫೋನ್ ಎಕ್ಸ್‌ಚೇಂಜು ಬಂತು ದಾರಿ ಬಿಡ್ರಪ್ಪಾ" ಎಂದಾಗ ಎಲ್ಲರೂ ನಕ್ಕರು, ಅವರಿಬ್ಬರನ್ನು ಬಿಟ್ಟು. ಏಳು ತಿಂಗಳು ಹೀಗೆ. ಕಾಲಿಗೆ ಅಭ್ಯಾಸವಾಗಿಬಿಟ್ಟಿತ್ತು. ಒಬ್ಬರು ಬಾಯಿ ತೆರೆದರೆ ನನ್ನ ಕಾಲು ಇನ್ನೊಬ್ಬರ ಕಡೆ ಹೊರಟಿರುತ್ತಿತ್ತು.

ಸಂಕ್ರಾಂತಿ ಹತ್ತಿರ ಬಂದಾಗ, ಹಬ್ಬ ಕಳೆದ ಮೇಲೆ ಊರಿನ ಹಿರಿಯರನ್ನು ಕೂರಿಸಿ ಮನೆ ಬೇರೆ ಮಾಡಿಕೊಳ್ಳುವುದೆಂದು ಮಾತಾಯಿತು. ನನಗೆ ಹದಿಮೂರು. ಎರಡು ವಿಷಯ ಚೆನ್ನಾಗಿ ಅರ್ಥವಾಗಿತ್ತು. ಮನೆ ಒಡೆದರೆ ನಾನು ಓದುತ್ತೇನೆ. ಮನೆ ಒಂದಾಗಿ ಉಳಿದರೆ ದೊಡ್ಡಪ್ಪನ ಮಾತು ಉಳಿಯುತ್ತದೆ, ನಾನು ಶಾಲೆ ಬಿಟ್ಟು ರತ್ನಕ್ಕನ ಪಕ್ಕ ಕೂತು ಸೊಪ್ಪು ಹಾಕುತ್ತೇನೆ. ನನಗೆ ಎರಡೂ ಬೇಕಾಗಿತ್ತು. ಯಾರನ್ನು ಕೇಳಬೇಕೆಂದು ಗೊತ್ತಿರಲಿಲ್ಲ. ಸಂಕ್ರಾಂತಿಯ ಮಾರನೇ ದಿನ ಪಕ್ಕದ ಊರಿನವರ ಜೊತೆ ಮ್ಯಾಚು ಗೊತ್ತಾಗಿತ್ತು. ಅಣ್ಣಂದಿರಿಬ್ಬರೂ ಒಂದೇ ಗೋಡೆಯಲ್ಲಿ ನಿಂತರೆ ಮಾತು ತಾನಾಗಿ ಬರುತ್ತದೆ ಎಂದು ಚಿಕ್ಕಪ್ಪ ನಂಬಿದ್ದ. ಅಜ್ಜಿಯೂ ನನ್ನ ಗಲ್ಲ ಹಿಡಿದು, "ಚೆನ್ನಾಗಿ ನಿಂತ್ಕೊಳೇ. ಗೆದ್ದ ಖುಷೀಲಿ ಇಬ್ರೂ ಬಾಯಿ ಬಿಟ್ರೆ, ನಿನ್ನ ಓದಿನ ಮಾತು ನಾನು ಆಡ್ತೀನಿ" ಎಂದಳು. ಅಷ್ಟು ಸಾಕಾಯಿತು ನನಗೆ. ಒಂದು ಗೋಲೂ ಬಿಡದಿದ್ದರೆ ಮನೆಯೂ ಉಳಿಯುತ್ತದೆ, ನಾನೂ ಓದುತ್ತೇನೆ ಎಂದು ಲೆಕ್ಕ ಹಾಕಿಬಿಟ್ಟೆ.

ಆ ಮ್ಯಾಚಿನಲ್ಲಿ ಗೋಲಿಗೆ ನಿಲ್ಲಬೇಕಾದವನು ಚಿಕ್ಕಪ್ಪ. ಎರಡು ದಿನ ಮುಂಚೆ ಹುಲ್ಲು ಇಳಿಸುವಾಗ ಟ್ರ್ಯಾಕ್ಟರ್ ಟ್ರಾಲಿಯ ಬಾಗಿಲಿಗೆ ಸಿಕ್ಕಿ ಅವನ ಎರಡು ಬೆರಳು ಜಜ್ಜಿಹೋದವು. ಕೈಗೆ ಬಟ್ಟೆ ಸುತ್ತಿಕೊಂಡು ಮುಂದೆ ಆಡಿದ, ನನಗೆ ಹೊಸ ಗ್ಲೌಸು ಕೊಟ್ಟ, ಕೆಂಪು ರಬ್ಬರಿನದು, ಅದೇ ವಾಸನೆ. ಹೊಲದಲ್ಲೂ ಗಳ ನೆಟ್ಟು ದ್ರಾಕ್ಷಿ ಬಲೆ ಕಟ್ಟಿದ್ದರು, ಸುತ್ತ ಜನ. ಎಳ್ಳುಬೆಲ್ಲ ಇನ್ನೂ ಎಲ್ಲರ ಜೇಬಿನಲ್ಲಿತ್ತು. ನನ್ನನ್ನು ಕಂಡು ಆ ಊರಿನವನೊಬ್ಬ, "ಏನ್ ಗುರು, ಗೋಲಿಗೆ ಹುಡ್ಗಿ ನಿಲ್ಸವ್ರೆ, ಜಡೆ ಎಣ್ಸೋಕಾ?" ಎಂದ. ನಮ್ಮ ಎದುರುಮನೆಯ ಮುನಿರಾಜಣ್ಣ, ನಮ್ಮ ತಂಡದಲ್ಲಿ ಆಡುತ್ತಿದ್ದವರು, "ಎಣ್ಸೋಕೆ ಹತ್ರ ಬಾ ಮಗಾ, ಆಗ ಗೊತ್ತಾಗ್ತದೆ" ಎಂದರು. ಮೊದಲ ಅರ್ಧದಲ್ಲಿ ಮೂರು ಚೆಂಡು ತಡೆದೆ. ಒಂದು ಫ್ರೀ ಕಿಕ್ಕೂ ಬಂತು. ಗೋಡೆಗೆ ಮೂವರು. ಚಿಕ್ಕಪ್ಪ ಬುದ್ಧಿವಂತ, ಅಭ್ಯಾಸದಲ್ಲಿ ಅಪ್ಪನಿಗೂ ದೊಡ್ಡಪ್ಪನಿಗೂ ನಡುವೆ ಮುನಿರಾಜಣ್ಣನನ್ನು ನಿಲ್ಲಿಸಿದ್ದ. ಇಬ್ಬರೂ ಆ ಕಡೆ ಈ ಕಡೆಯಿಂದ ಮುನಿರಾಜಣ್ಣನಿಗೆ ಅಂಟಿದರು. ಚೆಂಡು ಅವರ ಎದೆಗೆ ಬಡಿದು ಹೊರಗೆ ಹೋಯಿತು.

ಮುಗಿಯಲು ಇನ್ನೇನು ಐದು ನಿಮಿಷ ಅನ್ನುವಾಗ ಮುನಿರಾಜಣ್ಣನ ಮೀನಖಂಡ ಹಿಡಿದುಕೊಂಡಿತು. ಎತ್ತಿ ಬದುವಿನ ಮೇಲೆ ಮಲಗಿಸಿದರು. ಆರೇ ಜನ ಉಳಿದೆವು. ಎರಡೂ ಕಡೆ ಗೋಲಿಲ್ಲ. ಆಗ ನಮ್ಮ ಗೋಲಿನ ಎದುರಿಗೆ, ಸ್ವಲ್ಪ ಎಡಕ್ಕೆ, ಹದಿನೈದು ಹದಿನಾರು ಹೆಜ್ಜೆ ದೂರದಲ್ಲಿ ಫ್ರೀ ಕಿಕ್ ಕೊಟ್ಟರು. ಆಟ ಆಡಿಸುತ್ತಿದ್ದ ಮೇಷ್ಟ್ರು ಹೆಜ್ಜೆ ಅಳೆದು ಗೋಡೆಗೆ ಗೆರೆ ಹಾಕಿದರು. ಉಳಿದವರೆಲ್ಲ ಎದುರಿನವರನ್ನು ಹಿಡಿದು ನಿಂತಿದ್ದರು, ಚಿಕ್ಕಪ್ಪನೂ. ಗೋಡೆಗೆ ಬಂದವರು ಇಬ್ಬರೇ. ದೊಡ್ಡಪ್ಪ ಹೊರಗಿನ ಆಳಾಗಿ ನಿಂತರು. ಅಪ್ಪ ಬಂದು ಅವರ ಪಕ್ಕ ನಿಂತ. ಪಕ್ಕ ಅಂದರೆ, ನಡುವೆ ಒಂದು ಮೊಳ ಬಿಟ್ಟು.

ನಾನು ಗಳದ ಪಕ್ಕ ನಿಂತು ದಾರ ನೋಡಿದೆ. ದೊಡ್ಡಪ್ಪ ಸರಿಯಾಗಿ ಅದರ ಮೇಲೇ ಇದ್ದರು. ನನ್ನ ಜಾಗಕ್ಕೆ ಬಂದೆ. ಚೆಂಡು ಕಾಣುತ್ತಿತ್ತು. ಆದರೆ ಚೆಂಡು ಕಂಡದ್ದು ಗೋಡೆಯ ಹೊರಗಿನಿಂದ ಮಾತ್ರವಲ್ಲ. ತಲೆ ಸ್ವಲ್ಪ ಆಚೆ ವಾಲಿಸಿದರೆ ಅವರಿಬ್ಬರ ನಡುವಿನಿಂದಲೂ ಅದು ಪೂರ್ತಿ ಕಾಣುತ್ತಿತ್ತು, ಕಿಟಕಿಯಲ್ಲಿಟ್ಟ ಹಾಗೆ. ಹಿಂದಿನ ವರ್ಷವಾಗಿದ್ದರೆ ಕೂಗುತ್ತಿದ್ದೆ. ಒಂದೇ ಮಾತು. ಅಪ್ಪಾ, ಅಂಟಿಕೋ. ಬಾಯಿ ತೆರೆದೆ. ಅಷ್ಟರಲ್ಲಿ ದೊಡ್ಡಪ್ಪ, ಮುಖ ಚೆಂಡಿನ ಕಡೆಗೇ ಇಟ್ಟುಕೊಂಡು, ಹೇಳಿದರು: "ಅಮ್ಮಣ್ಣಿ, ನಿಮ್ಮಪ್ಪಂಗೆ ಹೇಳು, ಇತ್ಲಾಗೆ ಸರ್ಕೊಳ್ಲಿ."

ನನ್ನ ಕಾಲು ಹೊರಟಿತು. ಇದನ್ನು ನಾನು ಎಷ್ಟು ಸಲ ನೆನೆದರೂ ಬೇರೆ ಥರ ಹೇಳಲು ಬರುವುದಿಲ್ಲ. ನಾನು ತೀರ್ಮಾನ ಮಾಡಲಿಲ್ಲ, ಕಾಲು ಹೊರಟಿತು. ಜಗುಲಿಯಲ್ಲಿ ಆ ಕಂಬಕ್ಕೆ ಹೋಗುವ ಹಾಗೆ, ನನ್ನ ಅರ್ಧವನ್ನು ಬಿಟ್ಟು ಮೂರು ಹೆಜ್ಜೆ ಅಪ್ಪನ ಕಡೆಗೆ ಹೋದೆ. "ಅಪ್ಪಾ, ದೊಡ್ಡಪ್ಪ ಹೇಳ್ತಾರೆ, ಇತ್ಲಾಗೆ..." ಅಪ್ಪನೂ ತಿರುಗಲಿಲ್ಲ. "ನಾನು ಸರಿಯಾಗೇ ನಿಂತಿದೀನಿ. ಅವ್ರೇ ಬರ್ಲಿ ಅಂತ ಹೇಳು." ನಾನು ದೊಡ್ಡಪ್ಪನ ಕಡೆ ತಿರುಗಿದೆ. ದೂರದಿಂದ ಚಿಕ್ಕಪ್ಪ ಏನೋ ಕೂಗುತ್ತಿದ್ದ. ಮೇಷ್ಟ್ರು ಸೀಟಿ ಊದಿದರು. ಒದೆಯುವವನು ಓಡಿ ಬರುವುದು, ಅವನು ಊರಿದ ಪಾದ ನೆಟ್ಟಗೆ ಆ ಕಿಟಕಿಗೇ ಮುಖ ಮಾಡುವುದು, ಎರಡೂ ಕಂಡವು. ಚೆಂಡು ನೆಲ ಬಿಡದೆ ಬಂತು. ದೊಡ್ಡಪ್ಪನ ಬಲಗೈಗೂ ಅಪ್ಪನ ಎಡಗೈಗೂ ನಡುವೆ ಬಂತು. ಅವರಿಬ್ಬರ ಕೈಗಳೂ ಒಂದಿಷ್ಟು ಅಲುಗಿದವು, ಹಿಡಿಯಲು ಹೊರಟ ಹಾಗೆ. ಹಿಡಿಯಲಿಲ್ಲ. ನಾನು ಬಿಟ್ಟು ಬಂದಿದ್ದ ಜಾಗದಲ್ಲಿ ಅದು ಆರಾಮಾಗಿ ಉರುಳಿಕೊಂಡು ಒಳಗೆ ಹೋಯಿತು. ಹಾರಿದೆ. ಬೆರಳಿನ ತುದಿಗೆ ಅದರ ಗಾಳಿ ತಾಗಿತು ಅಷ್ಟೆ.

ಬಿದ್ದಲ್ಲಿಂದ ತಲೆ ಎತ್ತಿದಾಗ ಇಬ್ಬರೂ ನನ್ನ ಕಡೆ ತಿರುಗಿದ್ದರು. ದೊಡ್ಡಪ್ಪ ಒಂದು ಹೆಜ್ಜೆ ಇಟ್ಟರು. ಅಪ್ಪನೂ ಒಂದು ಹೆಜ್ಜೆ ಇಟ್ಟ. ಒಬ್ಬರು ಬರುವುದನ್ನು ಕಂಡು ಇನ್ನೊಬ್ಬರು ನಿಂತರು. ಹೀಗೆ ಇಬ್ಬರೂ ನಿಂತೇ ಇದ್ದರು. ಕೊನೆಗೆ ನಾನೇ ಎದ್ದು, ಮಂಡಿಯ ಮಣ್ಣು ಒರೆಸಿಕೊಂಡು, ದ್ರಾಕ್ಷಿ ಬಲೆಯಲ್ಲಿ ಸಿಕ್ಕಿಕೊಂಡಿದ್ದ ಚೆಂಡನ್ನು ಬಿಡಿಸಿ ತಂದೆ.

ಚಿಕ್ಕಪ್ಪ ನನ್ನನ್ನು ಬಯ್ಯಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತು ಹೇಳಿದ: "ಜಾಗ ಬಿಡ್ಬಾರ್ದಿತ್ತು ಕಣೇ." ಅಷ್ಟೇ. ಯುಗಾದಿಗೆ ಮುಂಚೆ ಹಿರಿಯರು ಬಂದು ಜಗುಲಿಯಲ್ಲಿ ಕೂತು ಹೋದರು. ಎರಡನೇ ಒಲೆ ಹೂಡಿದ ದಿನ ಹೊಗೆ ಎತ್ತ ಹೋಗಬೇಕೆಂದು ಗೊತ್ತಾಗದೆ ಮನೆಯೆಲ್ಲ ತುಂಬಿತ್ತು. ಚಿಕ್ಕಪ್ಪ ಹೆಂಡತಿಯ ಊರಿನ ಕಡೆ, ಮಾಲೂರಿಗೆ, ಹೋದ. ಕಣದ ಗಳಗಳನ್ನು ಯಾರೋ ಕಿತ್ತು ಹಸುವಿನ ಕೊಟ್ಟಿಗೆಗೆ ಹಾಕಿಕೊಂಡರು. ನನಗೆ ಬಹಳ ವರ್ಷ ಒಂದು ಅನುಮಾನ ಕಾಡುತ್ತಿತ್ತು, ಈಗಲೂ ಪೂರ್ತಿ ಹೋಗಿಲ್ಲ: ಮನೆ ಒಡೆದರೆ ಓದಬಹುದು ಎಂದು ಗೊತ್ತಿದ್ದ ಆ ಹುಡುಗಿಯ ಗಂಟಲು ಅವತ್ತು ತಾನಾಗಿ ಕಟ್ಟಿತೋ, ಅವಳೇ ಕಟ್ಟಿಕೊಂಡಳೋ.

ಓದಿದೆ. ಬಸ್ಸಿನಲ್ಲಿ ನಿಂತುಕೊಂಡು ಓದಿದೆ, ಸೊಪ್ಪು ಹಾಕುತ್ತಾ ಓದಿದೆ, ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ಓದಿದೆ. ಬಿ.ಎ. ಆಯಿತು, ಬಿ.ಪಿ.ಎಡ್. ಆಯಿತು. ನಮ್ಮ ವಂಶದಲ್ಲಿ ಡಿಗ್ರಿ ಕಂಡ ಮೊದಲ ಜೀವ ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಯಾರೂ ಅದನ್ನು ನನಗೆ ತಟ್ಟೆಯಲ್ಲಿಟ್ಟು ಕೊಡಲಿಲ್ಲ. ಸರ್ಟಿಫಿಕೇಟು ಕೈಗೆ ಬಂದ ವಾರ ಮೈಸೂರ್‌ಪಾಕು ತೆಗೆದುಕೊಂಡು ದೊಡ್ಡಪ್ಪನ ಮನೆಗೆ ಹೋದೆ. ಅವರಾಗಲೇ ಹೊಸಕೋಟೆಗೆ ಬಂದು ರತ್ನಕ್ಕನ ಜೊತೆ ಇದ್ದರು. ಓದಲು ಬಾರದ ಆ ಮನುಷ್ಯ ಸರ್ಟಿಫಿಕೇಟನ್ನು ಮಡಿಲಲ್ಲಿಟ್ಟುಕೊಂಡು ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ಆ ಸಾಲಿನ ಮೇಲೆ ಬೆರಳು ಎಳೆದರು. ಆಮೇಲೆ, "ಅಮ್ಮಣ್ಣಿ, ನಿಮ್ಮಪ್ಪಂಗೆ ಹೇಳು, ಅವತ್ತು ಅವನು ಮಾಡಿದ್ದೇ ಸರಿ ಅಂತ" ಎಂದರು.

ನಾನಾಗ ಡಿಗ್ರಿ ಆದವಳು. ಹನ್ನೆರಡು ವರ್ಷದ ಹಿಂದೆ ಆ ಹೊಲದಲ್ಲಿ ಬಿಟ್ಟ ಜಾಗ ನೆನಪಿತ್ತು. "ನೀವೇ ಹೇಳಿ ದೊಡ್ಡಪ್ಪ. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ನಾನಿನ್ನು ಹೊರೋದಿಲ್ಲ" ಎಂದೆ. ಅವರು ಕೋಪ ಮಾಡಿಕೊಳ್ಳಲಿಲ್ಲ. ತಲೆಯಾಡಿಸಿದರು. "ಆಯ್ತು ಬಿಡು. ಬರ್ತೀನಿ ಒಂದಿನ, ನಾನೇ ಹೇಳ್ತೀನಿ." ನಾನು ನೆಟ್ಟಗೆ ನಡೆದುಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ. ಕೊನೆಗೂ ಒಂದು ಸಲ ಸರಿಯಾಗಿ ನಿಂತೆ ಅಂದುಕೊಂಡೆ. ಅಪ್ಪನಿಗೆ ಹೇಳಲಿಲ್ಲ. ದೊಡ್ಡಪ್ಪ ಹೇಗೂ ಬರುತ್ತಾರಲ್ಲ, ಅವರ ಬಾಯಿಂದಲೇ ಕೇಳಲಿ. ಆ ವರ್ಷದ ರಾಗಿ ಕೊಯ್ಲಿನಲ್ಲಿ, ಮಧ್ಯಾಹ್ನ, ತೆನೆಯ ಕಟ್ಟು ಕೆಳಗಿಟ್ಟು ಎದೆ ಹಿಡಿದುಕೊಂಡು ಕೂತ ಅಪ್ಪ ಮತ್ತೆ ಏಳಲಿಲ್ಲ.

ಅಪ್ಪನನ್ನು ಜಗುಲಿಯ ಮೇಲೆ, ಅವನದೇ ಕಂಬದ ಪಕ್ಕ ಮಲಗಿಸಿದ್ದೆವು. ದೊಡ್ಡಪ್ಪ ಬಂದರು. ತಮ್ಮನ ಪಕ್ಕ ಕೂತು, ಸೊಟ್ಟಗಿನ ಆ ಕಿರುಬೆರಳನ್ನು ಹುಡುಕಿ ಹಿಡಿದುಕೊಂಡರು. ಆಮೇಲೆ ನನ್ನನ್ನು ಹತ್ತಿರ ಕರೆದರು. "ಹೇಳಿದ್ಯೇನವ್ವ?" ಎಂದರು. ಏನನ್ನು ಎಂದು ನಾನು ಕೇಳಬೇಕಾಗಿರಲಿಲ್ಲ. "ಹೇಳಿದ್ದೆ ದೊಡ್ಡಪ್ಪ" ಎಂದೆ. "ಏನಂದ?"

ಆ ಏಳು ತಿಂಗಳಲ್ಲಿ ನಾನು ಎಷ್ಟು ಮಾತು ಹೊತ್ತಿದ್ದೆನೋ. ಒಂದು ಅಕ್ಷರ ಸೇರಿಸಿರಲಿಲ್ಲ, ಒಂದು ಅಕ್ಷರ ಬಿಟ್ಟಿರಲಿಲ್ಲ. "ಅಣ್ಣಂಗೆ ಅದು ಅವತ್ತೇ ಗೊತ್ತಿತ್ತು ಬಿಡು, ಅಂದ್ರು" ಎಂದೆ.

ಈಗ ಆ ಮನೆಯಿಲ್ಲ. ಅದರ ಮೇಲೂ ಸುತ್ತಿನ ಹೊಲಗಳ ಮೇಲೂ ಒಂದು ಗೋದಾಮು ನಿಂತಿದೆ, ನೀಲಿ ತಗಡಿನದು. ಕಣವಿದ್ದ ಕಡೆ ಕಂಟೇನರ್ ಲಾರಿಗಳು ಹಿಂದಕ್ಕೆ ಬಂದು ತಿರುಗಿಕೊಳ್ಳುತ್ತವೆ. ಒಮ್ಮೆ ಕಾವಲಿನವನನ್ನು ಕೇಳಿ ಒಳಗೆ ಹೋಗಿದ್ದೆ. ಗಳ ನೆಟ್ಟಿದ್ದ ಜಾಗ ಕಾಂಕ್ರೀಟಿನ ಮೇಲೂ ನನ್ನ ಕಾಲಿಗೆ ಗೊತ್ತಾಯಿತು. ಹಾರ್ಡ್‌ವೇರ್ ಅಂಗಡಿಯಲ್ಲಿ ಅವತ್ತು ಎರಡು ಜೊತೆ ಗ್ಲೌಸು ಕೊಂಡೆ. ನನ್ನ ಶಾಲೆಯ ಹುಡುಗಿಯರಿಗೆ ದಾರ ನೋಡುವುದನ್ನು, ಅರ್ಧ ಕಾಯುವುದನ್ನು, ಊರುವ ಕಾಲು ನೋಡುವುದನ್ನು ಕಲಿಸುತ್ತೇನೆ. ಜಾಗ ಬಿಡಬೇಡಿ ಎಂದು ಹೇಳಲು ಹೋದಾಗ ಮಾತ್ರ ಒಂದು ಗಳಿಗೆ ತಡವರಿಸುತ್ತೇನೆ.

ಆಟ ಮುಗಿಸಿ ಕೆಲವು ಸಂಜೆ ರತ್ನಕ್ಕನ ಮನೆಗೆ ಹೋಗುತ್ತೇನೆ. ದೊಡ್ಡಪ್ಪನಿಗೆ ಈಗ ಕಣ್ಣು ಮಂಜು, ನೆನಪೂ ಮಂಜು. ರಾಗಿ ಕೊಯ್ಲಾಯಿತಾ ಎಂದು ಎಲ್ಲ ಕಾಲದಲ್ಲೂ ಕೇಳುತ್ತಾರೆ. ಒಂದು ಮಾತು ಮಾತ್ರ ಅಳಿಸಿಲ್ಲ. ಯಾರು ಬಂದು ಪಕ್ಕ ಕೂತರೂ, ಹಾಲಿನವನಾದರೂ ಸರಿ, ಬಲಗೈ ಎತ್ತಿ ನನ್ನ ಕಡೆ ತೋರಿಸುತ್ತಾರೆ. "ನನ್ನ ತಮ್ಮ ಕೊನೆಗೆ ಏನಂದ ಅಂತ ಹೇಳು ಅಮ್ಮಣ್ಣಿ, ಇವ್ರಿಗೂ ಹೇಳು." ಅವರು ಕಾಯುತ್ತಾರೆ. ನಾನು ಎದ್ದು ಹತ್ತಿರ ಹೋಗಿ, ಬಗ್ಗಿ, ಅಪ್ಪ ಆಡದೇ ಹೋದ ಆ ಮಾತನ್ನು ಮತ್ತೊಮ್ಮೆ, ಅಕ್ಷರ ಬಿಡದೆ, ಒಪ್ಪಿಸುತ್ತೇನೆ.